“ನನಗೆ ಪುಟದ ನಂಬರು ಬೇಕು”: ಕಣ್ಣು ಹೋದ ಮೇಲೆ ಓದಿಗೆ ಮರಳಿದ ಒಬ್ಬ ಟೀಚರ್ ಪ್ರಕರಣ

ಇದು ಒಬ್ಬ ಓದುಗರ ಪ್ರಕರಣ. ಅವರ ಹೆಸರು, ಊರು, ಕಲಿಸುತ್ತಿದ್ದ ಶಾಲೆ, ಓದಿದ ಪುಸ್ತಕ ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎಲ್ಲರೂ ಅವರನ್ನು ಟೀಚರ್ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಈ ಬರಹವನ್ನು ಅವರೇ ಮೊದಲು ಓದಿದ್ದಾರೆ. ಎರಡು ಕಡೆ ತಿದ್ದಿಸಿದರು, ಒಂದು ಪ್ಯಾರಾ ಪೂರ್ತಿ ತೆಗೆಸಿದರು.

ದೃಷ್ಟಿ ಕಳೆದುಕೊಂಡ ದೊಡ್ಡವರಿಗೆ ಓದುವ ಸಾಧನಗಳನ್ನು ಬಳಸಲು ಕಲಿಸುವುದು ನನ್ನ ಕೆಲಸ. ನನಗೆ ಕಣ್ಣು ಕಾಣುತ್ತದೆ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಈ ಪ್ರಕರಣದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಅದರಿಂದಲೇ ಆದವು.

ಹಿನ್ನೆಲೆ

ಟೀಚರ್‌ಗೆ ಆಗ 54 ವರ್ಷ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದರು. ಅವರಿಗಿದ್ದದ್ದು ರೆಟಿನೈಟಿಸ್ ಪಿಗ್ಮೆಂಟೋಸಾ, ವಂಶದಲ್ಲಿ ಬರುವ ಅಕ್ಷಿಪಟಲದ ಕಾಯಿಲೆ. ಇದರಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಕತ್ತಲಲ್ಲಿ ಕಾಣುವ ಶಕ್ತಿ. ಆಮೇಲೆ ಅಕ್ಕಪಕ್ಕದ ನೋಟ ಸುತ್ತಲಿನಿಂದ ಒಳಗೆ ಕಿರಿದಾಗುತ್ತಾ ಬರುತ್ತದೆ. ಕೊಳವೆಯಲ್ಲಿ ಇಣುಕಿ ನೋಡಿದ ಹಾಗೆ. ನಡುವಿನ ನೋಟ ಮಾತ್ರ ಎಷ್ಟೋ ಕಾಲ ಉಳಿದಿರುತ್ತದೆ.

ಹಾಗಾಗಿ ಬಾಗಿಲ ಪಕ್ಕದ ಬಕೆಟ್ಟಿಗೆ ಎಡವಿ ಬಿದ್ದವರು ಅದೇ ದಿನ ಕೂತು ನಿಘಂಟಿನ ಸಣ್ಣ ಅಕ್ಷರ ಓದುತ್ತಿದ್ದರು. “ಅಷ್ಟು ಸಣ್ಣದು ಕಾಣುತ್ತೆ, ಇಷ್ಟು ದೊಡ್ಡ ಬಕೆಟ್ ಕಾಣಲ್ವಾ ಟೀಚರ್?” ಅಂತ ಸಹೋದ್ಯೋಗಿಗಳು ಕೇಳಿದ್ದರಂತೆ. ನಾಟಕ ಮಾಡುತ್ತಾರೆ ಅಂತ ಕೆಲವರು ನಂಬಿದ್ದರು. ಅದು ಅವರಿಗೆ ಕಾಯಿಲೆಗಿಂತ ಜಾಸ್ತಿ ನೋವು ಕೊಟ್ಟಿತ್ತು.

ಓದು ಅಷ್ಟು ವರ್ಷ ಉಳಿದದ್ದರಿಂದ, ಅದೊಂದು ಕೊನೆತನಕ ಇರುತ್ತೆ ಅಂತ ಅವರು ಒಳಗೊಳಗೇ ನಂಬಿಕೊಂಡಿದ್ದರು. ಒಂದು ವರ್ಷದ ಒಳಗೆ ಅದೂ ಹೋಯಿತು.

ಅವರ ಬದುಕಿನಲ್ಲಿ ಒಂದು ಓದುಗರ ಬಳಗ ಇತ್ತು. ಹತ್ತು ಹನ್ನೆರಡು ಜನ. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ತಿಂಗಳಿಗೊಮ್ಮೆ ಸೇರುತ್ತಿದ್ದರು. ಸುಮಾರು ಇಪ್ಪತ್ತು ವರ್ಷ ಟೀಚರ್ ಅದರಲ್ಲಿದ್ದರು. ಕಣ್ಣು ಪೂರ್ತಿ ಹೋದ ಮೇಲೆ ಹೋಗುವುದು ನಿಲ್ಲಿಸಿದರು. ನಾನು ಅವರನ್ನು ಮೊದಲು ನೋಡುವ ಹೊತ್ತಿಗೆ ಎರಡು ವರ್ಷವಾಗಿತ್ತು.

ಮೊದಲ ಭೇಟಿಯಲ್ಲಿ ಒಂದು ಸಂಗತಿ ನಡೆಯಿತು. ಗೋಡೆ ತುಂಬಾ ಪುಸ್ತಕ ಇದ್ದವು. ಸುಮ್ನೆ ಒಂದನ್ನು ಕೈಗೆತ್ತಿಕೊಂಡೆ. ಕೊನೆಯ ರಟ್ಟಿನ ಒಳಬದಿಯಲ್ಲಿ ಪೆನ್ಸಿಲ್‌ನಲ್ಲಿ ಅಂಕಿಗಳ ಸಾಲು. 37, 84, 112, 209. ಇನ್ನೊಂದು ಪುಸ್ತಕ ತೆಗೆದೆ. ಅದರಲ್ಲೂ ಹಾಗೇ. ಮನಸ್ಸಿಗೆ ಹಿಡಿಸಿದ ಪುಟಗಳು, ಬಳಗದಲ್ಲಿ ಮಾತಾಡಬೇಕಾದ ಪುಟಗಳು, ಜಗಳ ತೆಗೆಯಬೇಕಾದ ಪುಟಗಳು, ಎಲ್ಲದರ ಪಟ್ಟಿ ಅದು. “ಚೆನ್ನಾಗಿದೆ ಅಭ್ಯಾಸ” ಅಂದೆ. ಪುಸ್ತಕವನ್ನು ಅದರ ಜಾಗದಲ್ಲಿಟ್ಟೆ. ಆ ಪಟ್ಟಿ ನನಗೆ ಏನು ಹೇಳುತ್ತಿದೆ ಅಂತ ಅವತ್ತು ಯೋಚಿಸಲೇ ಇಲ್ಲ.

ತೊಡಕು ಎಲ್ಲಿತ್ತು

ಮನೆಯವರು ಅವರನ್ನು ಕೈಬಿಟ್ಟಿರಲಿಲ್ಲ. ಗಂಡ ದಿನಾ ಬೆಳಿಗ್ಗೆ ಪೇಪರ್ ಓದಿ ಹೇಳುತ್ತಿದ್ದರು. ಮಗಳು ರಜೆಗೆ ಬಂದಾಗ ಕತೆ ಓದುತ್ತಿದ್ದಳು. ಹೊರಗಿನಿಂದ ನೋಡಿದರೆ ಕೊರತೆ ಕಾಣುತ್ತಿರಲಿಲ್ಲ.

ಒಂದು ದಿನ ಯಾರೋ ಫೋನ್ ಮಾಡಿ, ಟೀಚರ್ ಜೊತೆ ಕೆಲಸ ಮಾಡಿದ್ದ ಹಳೆಯ ಗೆಳತಿಯೊಬ್ಬರು ತೀರಿಹೋದ ವಿಷಯ ಹೇಳಿದರು. ನಾಲ್ಕು ದಿನ ಹಿಂದೆಯೇ ಪೇಪರಿನಲ್ಲಿ ಫೋಟೋ ಸಮೇತ ಬಂದಿತ್ತು. ಗಂಡ ಅದನ್ನು ನೋಡಿದ್ದರು, ಓದಿರಲಿಲ್ಲ. “ನಿನಗೆ ಬೇಜಾರಾಗುತ್ತೆ ಅಂತ ಬಿಟ್ಟೆ ಕಣೇ” ಅಂದರು. ಪ್ರೀತಿಯಿಂದಲೇ ಮಾಡಿದ್ದು ಅದು. ಟೀಚರ್ ಜಗಳ ಮಾಡಲಿಲ್ಲ. ನನಗೆ ಇಷ್ಟು ಹೇಳಿದರು: “ಇನ್ನೂ ಏನೇನು ಬಿಟ್ಟಿದಾರೋ ಅಂತ ಅವತ್ತಿಂದ ಯೋಚನೆ ಶುರುವಾಯ್ತು.”

ಬೇರೆಯವರು ಓದಿ ಹೇಳುವಾಗ ಏನು ಓದಬೇಕು, ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಹಾರಿಸಬೇಕು ಅನ್ನುವುದೆಲ್ಲ ಓದುವವರ ಕೈಯಲ್ಲಿರುತ್ತದೆ. “ಇನ್ನೊಂದ್ಸಲ ಓದಿ” ಅಂತ ಎಷ್ಟು ಸಲ ಕೇಳುವುದು? ಎರಡನೇ ಸಲ ಕೇಳುವಾಗಲೇ ಸಂಕೋಚ ಆಗುತ್ತದೆ. ನನಗೆ ಬಂದ ಕೋರಿಕೆ ‘ಫೋನ್ ಕಲಿಸಿ’ ಅಂತ. ಮಗಳು ಕೇಳಿದ್ದು. ಟೀಚರ್‌ಗೆ ಏನು ಬೇಕು ಅಂತ ನಾನು ಕೇಳಲಿಲ್ಲ. ಪ್ರಕರಣ ಅಲ್ಲಿಂದಲೇ ದಾರಿ ತಪ್ಪಿತು.

ಮೊದಲ ಮೂರು ತಿಂಗಳು

ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿದೆ. ಪರದೆಯ ಮೇಲೆ ಬೆರಳಿಟ್ಟರೆ ಅಲ್ಲಿ ಏನಿದೆ ಅಂತ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು. ಒಂದೇ ಸಲಕ್ಕೆ ಹನ್ನೆರಡು ಸನ್ನೆ ಕಲಿಸಿದೆ. ಅವರು ಬುದ್ಧಿವಂತರು, ಬೇಗ ಕಲಿಯುತ್ತಾರೆ ಅನ್ನಿಸಿತ್ತು. ಅವತ್ತು ಎಲ್ಲವನ್ನೂ ಮಾಡಿಯೂ ತೋರಿಸಿದರು.

ಮುಂದಿನ ವಾರ ಹೋದರೆ ಫೋನು ಬೀರುವಿನಲ್ಲಿತ್ತು. ಬೆರಳು ಎಲ್ಲೋ ತಾಗಿ ಯಾರಿಗೋ ಕರೆ ಹೋಗಿತ್ತು. ಆ ಕಡೆಯವರು ‘ಹಲೋ ಹಲೋ’ ಅನ್ನುತ್ತಿದ್ದರೆ ಈ ಕಡೆ ಫೋನು ಏನೇನೋ ಹೇಳುತ್ತಿತ್ತು. ಹೇಗೆ ನಿಲ್ಲಿಸಬೇಕು ಅಂತ ತಿಳಿಯಲಿಲ್ಲ. ನಲವತ್ತು ಮಕ್ಕಳ ತರಗತಿಯನ್ನು ಒಂದು ನೋಟದಲ್ಲಿ ಸುಮ್ಮನಾಗಿಸುತ್ತಿದ್ದವರು, ಕೈಯಲ್ಲಿದ್ದ ಫೋನನ್ನು ಸುಮ್ಮನಾಗಿಸಲಾರದೆ ಅತ್ತಿದ್ದರು.

ಸರಿ, ಫೋನು ಬೇಡ ಅಂತ ಧ್ವನಿಮುದ್ರಿತ ಪುಸ್ತಕಗಳನ್ನು ಕೊಟ್ಟೆ. ಒಳ್ಳೆಯ ದನಿ, ಭಾವ ತುಂಬಿದ ಓದು. ಅವರಿಗೆ ಇಷ್ಟವಾಯಿತು. ಬಳಗ ಆ ತಿಂಗಳು ಆರಿಸಿದ್ದ ಕಾದಂಬರಿಯ ಧ್ವನಿಮುದ್ರಣ ಅದೃಷ್ಟಕ್ಕೆ ಸಿಕ್ಕಿತು. ಪೂರ್ತಿ ಕೇಳಿದರು. ಎರಡು ವರ್ಷದ ಮೇಲೆ ಬಳಗಕ್ಕೆ ಹೋದರು. ನಾನು ನನ್ನ ಟಿಪ್ಪಣಿಯಲ್ಲಿ ‘ಯಶಸ್ವಿ’ ಅಂತ ಬರೆದೆ.

ಅರ್ಧ ಗಂಟೆಗೆ ವಾಪಸ್ ಬಂದಿದ್ದರು. ಏನಾಯಿತು ಅಂತ ಕೇಳಿದರೆ ಮೊದಲು ತಲೆನೋವು ಅಂದರು. ಆಮೇಲೆ ಹೇಳಿದರು: “ಅವರು ‘ಇಲ್ಲಿ ನೋಡಿ’ ಅಂತಾರೆ. ಎಲ್ಲರೂ ಪುಟ ತಿರುಗಿಸೋ ಸದ್ದು ಕೇಳಿಸುತ್ತೆ. ನನಗೆ ‘ಇಲ್ಲಿ’ ಅನ್ನೋದೇ ಇರಲಿಲ್ಲ.”

ಅದನ್ನು ಹಾಗೇ ಬರೆದಿಟ್ಟುಕೊಂಡೆ. ಅರ್ಥವಾಗಲು ಇನ್ನೂ ಸಮಯ ಹಿಡಿಯಿತು. ಕತೆ ಅವರಿಗೆ ಗೊತ್ತಿತ್ತು, ಪಾತ್ರಗಳು ಗೊತ್ತಿದ್ದವು, ಮಾತಾಡಲು ಬೇಕಾದಷ್ಟಿತ್ತು. ಆದರೆ ಅವರ ಪುಸ್ತಕ ಮೊದಲಿಂದ ಕೊನೆಯವರೆಗೆ ಹರಿಯುವ ಒಂದೇ ದನಿಯಾಗಿತ್ತು. ಅದರೊಳಗೆ ಒಂದು ಜಾಗಕ್ಕೆ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಹಿಂದಕ್ಕೆ ಹೋಗಬೇಕೆಂದರೆ ಮೂವತ್ತು ಸೆಕೆಂಡು, ಮತ್ತೆ ಮೂವತ್ತು ಸೆಕೆಂಡು ಅಂತ ತಡಕಾಡಬೇಕಿತ್ತು.

ಬಳಗದವರು ಮರುಗಿದರು. ಮುಂದಿನ ಸಲ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ, ಯಾವ ಪುಟದ ಮಾತು ನಡೆಯುತ್ತಿದೆಯೋ ಅದನ್ನು ಟೀಚರ್ ಕಿವಿಯಲ್ಲಿ ಓದಿ ಹೇಳಿಸುವ ಏರ್ಪಾಡು ಮಾಡಿದರು. ನನಗೂ ಅದು ಸರಿ ಅನ್ನಿಸಿತ್ತು. ಟೀಚರ್ ಒಪ್ಪಲಿಲ್ಲ. “ಪರೀಕ್ಷೆಯಲ್ಲಿ ಪಕ್ಕದವರದು ಕಾಪಿ ಹೊಡೆದ ಹಾಗಾಗುತ್ತೆ” ಅಂದರು. ಬಳಗದ ಕೆಲವರಿಗೆ ಬೇಜಾರಾಯಿತು. ಸಹಾಯ ಬೇಡ ಅಂದರೆ ಮತ್ತೇನು ಮಾಡಬೇಕು ಅಂತ ಕೇಳಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೈಗೆ ಆಗಲೇ ಏನು ಗೊತ್ತಿತ್ತು

ತಿರುವು ಬಂದದ್ದು ಒಬ್ಬ ಯುವಕನಿಂದ. ಹುಟ್ಟಿನಿಂದಲೇ ಕಣ್ಣು ಕಾಣದವನು, ಚಿಕ್ಕಂದಿನಿಂದ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ, ಬಳಸಿ ಬೆಳೆದವನು. ಟೀಚರ್ ಜೊತೆ ಒಮ್ಮೆ ಮಾತಾಡು ಅಂತ ಕೇಳಿಕೊಂಡಿದ್ದೆ. ಅವನು ಕೇಳಿದ ಮೊದಲ ಪ್ರಶ್ನೆ: “ಟೀಚರ್, ನಿಮಗೆ ಟೈಪಿಂಗ್ ಬರುತ್ತಾ?”

ಬರುತ್ತಿತ್ತು. ಹದಿನೈದು ವರ್ಷ ಶಾಲೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಅವರೇ ಟೈಪ್ ಮಾಡಿದ್ದರು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ಅವರ ಬೆರಳಿಗೆ ಅಂಟಿಕೊಂಡಿತ್ತು. ನಾನು ಮೂರು ತಿಂಗಳಲ್ಲಿ ಕೇಳದ ಪ್ರಶ್ನೆಯನ್ನು ಅವನು ಮೂರನೇ ನಿಮಿಷಕ್ಕೆ ಕೇಳಿದ್ದ. ಗಾಜಿನ ಪರದೆಯಲ್ಲಿ ಬೆರಳಿಗೆ ಏನೂ ಸಿಗುವುದಿಲ್ಲ. ಕೀಬೋರ್ಡಿನಲ್ಲಿ ಪ್ರತಿ ಕೀಲಿಗೂ ಅಂಚಿದೆ. ಎಡಗೈ ಮತ್ತು ಬಲಗೈ ತೋರುಬೆರಳುಗಳ ಕೆಳಗೆ, ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬು ಇರುತ್ತದೆ. ಅದು ಸಿಕ್ಕಿದರೆ ಉಳಿದದ್ದೆಲ್ಲ ಸಿಕ್ಕ ಹಾಗೆ.

ಫೋನನ್ನು ಬದಿಗಿಟ್ಟೆವು. ಮಗಳ ಹಳೆಯ ಲ್ಯಾಪ್‌ಟಾಪಿಗೆ ಎನ್‌ವಿಡಿಎ ಹಾಕಿದೆವು. ಇದು ವಿಂಡೋಸ್‌ನಲ್ಲಿ ಕೆಲಸ ಮಾಡುವ ಸ್ಕ್ರೀನ್ ರೀಡರ್, ಪೂರ್ತಿ ಉಚಿತ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದ್ದು, ಆಮೇಲೆ ಜೇಮ್ಸ್ ಟೆಹ್ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಈ ವಿಷಯ ಕೇಳಿದ ದಿನ ಟೀಚರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ನಮ್ಮಂಥವರೇ ಮಾಡಿದ್ದಾ?” ಅಂತ ಎರಡು ಸಲ ಕೇಳಿದರು.

ಯುವಕ ದಿನಾ ರಾತ್ರಿ ಹದಿನೈದು ನಿಮಿಷ ಫೋನ್ ಮಾಡುತ್ತಿದ್ದ. ದಿನಕ್ಕೆ ಒಂದೇ ಪಾಠ. ಮೊದಲ ದಿನದ ಪಾಠ ಕಂಟ್ರೋಲ್ ಕೀಲಿ. ಅದನ್ನು ಒತ್ತಿದರೆ ದನಿ ತಟ್ಟನೆ ನಿಲ್ಲುತ್ತದೆ. ಅಷ್ಟೇ. ಹದಿನೈದು ನಿಮಿಷವೂ ಟೀಚರ್ ಅದನ್ನು ಓದಲು ಬಿಡುವುದು, ನಿಲ್ಲಿಸುವುದು, ಮತ್ತೆ ಬಿಡುವುದು, ನಿಲ್ಲಿಸುವುದು ಮಾಡಿದರು. ಎರಡನೇ ದಿನ ಮೇಲಿನ ಬಾಣದ ಕೀಲಿ, ಒಂದು ಸಾಲು ಹಿಂದೆ ಹೋಗಲು. ಮೂರನೇ ದಿನ ಕಂಟ್ರೋಲ್ ಜೊತೆ ಎಡ ಬಾಣ, ಒಂದು ಪದ ಹಿಂದೆ ಹೋಗಲು. ಮುಂದಕ್ಕೆ ಹೋಗುವುದನ್ನು ಅವನು ನಾಲ್ಕನೇ ದಿನದವರೆಗೂ ಕಲಿಸಲಿಲ್ಲ. ಯಾಕೆ ಅಂತ ಕೇಳಿದೆ. “ನಿಲ್ಲಿಸೋಕೆ, ಹಿಂದೆ ಹೋಗೋಕೆ ಗೊತ್ತಿದ್ರೆ ಭಯ ಇರಲ್ಲ ಮೇಡಂ” ಅಂದ.

ದನಿಯ ವಿಷಯದಲ್ಲಿ ಒಂದು ಚರ್ಚೆ ಆಯಿತು. ಎನ್‌ವಿಡಿಎ ಜೊತೆ ಬರುವ ಈಸ್ಪೀಕ್ ದನಿ ಕನ್ನಡ ಓದುತ್ತದೆ, ಆದರೆ ಯಂತ್ರ ಮಾತಾಡಿದ ಹಾಗೇ ಇರುತ್ತದೆ. ಟೀಚರ್ ಗಂಡನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಮನುಷ್ಯರ ದನಿಗೆ ಹತ್ತಿರವಾದದ್ದು ಹಾಕಿಸಿ ಅಂತ ನನ್ನ ಹಿಂದೆ ಬಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು. ಯುವಕ ಒಪ್ಪಲಿಲ್ಲ. “ಟೀಚರ್, ನಾಲ್ಕು ವಾರ ಆದ್ಮೇಲೆ ಈ ದನಿ ನಿಮಗೆ ಕೇಳಿಸೋದೇ ಇಲ್ಲ. ಕತೆ ಮಾತ್ರ ಕೇಳಿಸುತ್ತೆ. ಸ್ಪೀಡ್ ಜಾಸ್ತಿ ಮಾಡಿದಾಗ ಇದು ಒಡೆಯಲ್ಲ, ಕೀಲಿ ಒತ್ತಿದ ಕೂಡಲೇ ಮಾತಾಡುತ್ತೆ” ಅಂದ. ಟೀಚರ್ ಅವನ ಮಾತು ಕೇಳಿದರು. ಅವನು ಹೇಳಿದ ಹಾಗೇ ಆಯಿತು, ನಾಲ್ಕಲ್ಲ, ಆರೇಳು ವಾರ ಹಿಡಿಯಿತು. ಮೊದಲು ಒಂದೊಂದೇ ಪದ ಬಿಡಿಸಿ ಕೇಳುತ್ತಿದ್ದವರು ಆಮೇಲೆ ನನಗೆ ಅರ್ಥವಾಗದ ವೇಗದಲ್ಲಿ ಕೇಳತೊಡಗಿದರು.

ಪುಸ್ತಕ ಎಲ್ಲಿಂದ ತರುವುದು

ಓದಲು ಬಂತು, ಸರಿ. ಓದಲು ಏನಿದೆ? ಬಳಗದ ಮುಂದಿನ ಪುಸ್ತಕ 312 ಪುಟದ ಕಾದಂಬರಿ. ಇ-ಪುಸ್ತಕವಾಗಿ ಸಿಗುತ್ತಿರಲಿಲ್ಲ. ಫೋನ್ ಕ್ಯಾಮೆರಾದಲ್ಲಿ ಪುಟದ ಚಿತ್ರ ತೆಗೆದು ಅಕ್ಷರ ಗುರುತಿಸುವ ಆ್ಯಪ್‌ಗಳಿವೆ. ಒಂದು ಕಾಗದ, ಒಂದು ಔಷಧಿಯ ಚೀಟಿ ಅಂದರೆ ಇವು ನಿಜವಾಗಿ ಉಪಕಾರಿ. ಆದರೆ ದಪ್ಪ ಪುಸ್ತಕದ ಪುಟ ನಡುವೆ ಬಾಗಿರುತ್ತದೆ, ಅಲ್ಲಿನ ಪದಗಳು ಹಾಳಾಗುತ್ತವೆ. ಕನ್ನಡದಲ್ಲಿ ಇನ್ನೂ ಕಷ್ಟ. ಒತ್ತಕ್ಷರ ಸಾಲಿನ ಕೆಳಗೆ ಬೇರೆಯಾಗಿ ಕೂತಿರುತ್ತದೆ. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಟೀಚರ್ ಹತ್ತು ಪುಟ ಪ್ರಯತ್ನಿಸಿ ಬಿಟ್ಟರು. ಬಿಟ್ಟದ್ದು ಸರಿಯೇ.

ಆಗ ಬಳಗದವರೇ ಪ್ರಕಾಶಕರಿಗೆ ಪತ್ರ ಬರೆದರು. ಪುಸ್ತಕವನ್ನು ಕೊಂಡಿದ್ದೇವೆ, ನಮ್ಮ ಸದಸ್ಯರೊಬ್ಬರಿಗೆ ಕಣ್ಣು ಕಾಣುವುದಿಲ್ಲ, ಅವರ ಓದಿಗಾಗಿ ಮಾತ್ರ ಫೈಲ್ ಬೇಕು ಅಂತ. ಒಂದೇ ವಾರದಲ್ಲಿ ಫೈಲ್ ಬಂತು. ಎಲ್ಲರಿಗೂ ಖುಷಿ. ಟೀಚರ್ ತೆರೆದರು. ಎನ್‌ವಿಡಿಎ ಓದತೊಡಗಿತು: “ಪಿ, ಎ ಗ್ರೇವ್, ಪೌಂಡ್...”

ಗಂಡನಿಗೆ ಪರದೆಯ ಮೇಲೆ ಸ್ವಚ್ಛ ಕನ್ನಡ ಕಾಣುತ್ತಿತ್ತು. ಟೀಚರ್ ಕಿವಿಗೆ ಇಂಗ್ಲಿಷ್ ಅಕ್ಷರ ಮತ್ತು ಪೌಂಡ್ ಬೀಳುತ್ತಿದ್ದವು. ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡರು.

ಕೆಟ್ಟಿರಲಿಲ್ಲ. ಆ ಫೈಲ್ ಹಳೆಯ ಕನ್ನಡ ಫಾಂಟಿನಲ್ಲಿತ್ತು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್ ಎಲ್ಲೆಡೆ ಬರುವ ಮುಂಚೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಪಿ ಒತ್ತಿದರೆ ಕಾಣುವುದು ‘ಕ’ದ ತುಂಡು, ಪೌಂಡ್ ಚಿಹ್ನೆಯ ಜಾಗದಲ್ಲಿ ‘ನ’ದ ತುಂಡು. ಕಣ್ಣಿಗೆ ‘ಕನ್ನಡ’ ಅಂತ ಕಂಡರೂ ಫೈಲಿನ ಒಳಗೆ ಇರುವುದು ಪಿ ಮತ್ತು ಪೌಂಡ್. ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಅದರದೇ ಜಾಗ ಇದೆ. ಆದರೆ ಅಚ್ಚಿನ ಕೆಲಸದಲ್ಲಿ ಹಳೆಯ ಫಾಂಟುಗಳು ಎಷ್ಟೋ ಕಾಲ ಮುಂದುವರಿದವು. ನೋಡುವವರಿಗೆ ಏನೂ ವ್ಯತ್ಯಾಸ ಇಲ್ಲದ್ದರಿಂದ ಯಾರಿಗೂ ಅದು ತೊಂದರೆ ಅನ್ನಿಸಲೇ ಇಲ್ಲ, ಅಲ್ವಾ? ಕೇಳಿ ಓದುವವರಿಗೆ ಮಾತ್ರ ಇಡೀ ಪುಸ್ತಕ ಮುಚ್ಚಿಹೋಗುತ್ತದೆ.

ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದೆವು. ಹೆಚ್ಚಿನ ಭಾಗ ಸರಿಯಾಯಿತು, ಆದರೆ ‘ಸೂರ್ಯ’ ಇದ್ದ ಕಡೆಯೆಲ್ಲ ‘ಸೂಯರ್’ ಆಗಿತ್ತು. ಅರ್ಕಾವತ್ತನ್ನು ನಾವು ಬರೆಯುವುದು ಅಕ್ಷರದ ಬಲಕ್ಕೆ, ಉಚ್ಚರಿಸುವುದು ಅದಕ್ಕಿಂತ ಮೊದಲು. ಆ ಅದಲುಬದಲನ್ನು ನಮಗೆ ಸಿಕ್ಕಿದ ಪರಿವರ್ತಕ ಮಾಡಿರಲಿಲ್ಲ. ಇನ್ನು ಕೆಲವು ಪುಟಗಳಲ್ಲಿ ಟೈಪ್ ಮಾಡಿದವರು ಅನುಸ್ವಾರದ ಬದಲು ಸೊನ್ನೆ ಹಾಕಿದ್ದರು. ನೋಡಲು ಎರಡೂ ಒಂದೇ. ದನಿ ಮಾತ್ರ ಪದದ ನಡುವೆ ‘ಸೊನ್ನೆ’ ಅನ್ನುತ್ತಿತ್ತು.

ಬಳಗ ಬೇರೆ ಬಗೆಯಲ್ಲಿ ಜೊತೆಯಾದದ್ದು

ಆರು ಜನ ಸದಸ್ಯರು ತಲಾ 52 ಪುಟ ಹಂಚಿಕೊಂಡರು. ಅಚ್ಚಾದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಿದ್ದಿದರು. ಟೀಚರ್ ಜಾಗದಲ್ಲಿ ತಾವು ಓದಿ ಹೇಳುವ ಬದಲು, ಟೀಚರ್ ತಾವೇ ಓದುವಂಥ ಪುಸ್ತಕವನ್ನು ಸಿದ್ಧಮಾಡುವುದು. ಬೇಜಾರಾಗಿದ್ದವರಲ್ಲಿ ಇಬ್ಬರು ಈ ಆರರಲ್ಲಿದ್ದರು. ಅವರಲ್ಲೊಬ್ಬರು ನನಗೆ ಹೇಳಿದ್ದು ನೆನಪಿದೆ: “ಇಷ್ಟು ನಿಧಾನವಾಗಿ ಯಾವ ಪುಸ್ತಕವನ್ನೂ ಓದಿರಲಿಲ್ಲ.”

ತಿದ್ದಿದ ಪಠ್ಯ ಸಿದ್ಧವಾದಾಗ ನಾನು ಮತ್ತೊಂದು ತಪ್ಪು ಮಾಡುವುದರಲ್ಲಿದ್ದೆ. ಅದನ್ನು ಒಂದೇ ಉದ್ದದ ಫೈಲಾಗಿ ಟೀಚರ್‌ಗೆ ಕೊಟ್ಟು ಬಿಡೋಣ ಅಂದುಕೊಂಡಿದ್ದೆ. ಅಧ್ಯಾಯಗಳಿಗೆ ಶೀರ್ಷಿಕೆಯ ಗುರುತು ಹಾಕಿದ್ದೆವು, ಎಚ್ ಕೀಲಿ ಒತ್ತಿದರೆ ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಹಾರಬಹುದಿತ್ತು. ಅಷ್ಟು ಸಾಕಲ್ವಾ ಅನ್ನಿಸಿತ್ತು. ಕೊಡುವ ಮುಂಚೆ ಸುಮ್ನೆ ಕೇಳಿದೆ, “ಟೀಚರ್, ಇನ್ನೇನಾದರೂ ಬೇಕಾ?”

“ನನಗೆ ಪುಟದ ನಂಬರು ಬೇಕು” ಅಂದರು.

ಮೊದಲಿಗೆ ನನಗೆ ಹೊಳೆಯಲಿಲ್ಲ. ಫೈಲಿನಲ್ಲಿ ಪುಟ ಎಲ್ಲಿಂದ ಬರುತ್ತದೆ? ಅಕ್ಷರ ದೊಡ್ಡದು ಮಾಡಿದರೆ ಪುಟ ಬದಲಾಗುತ್ತದೆ. “ಇದರ ಪುಟ ಅಲ್ಲ. ಅವರ ಕೈಯಲ್ಲಿರೋ ಪುಸ್ತಕದ ಪುಟ” ಅಂದರು. ಆಗ ಪೆನ್ಸಿಲ್ಲಿನ ಆ ಅಂಕಿಗಳು ನೆನಪಾದವು. 37, 84, 112, 209. ಮೊದಲ ದಿನವೇ ನನ್ನ ಕೈಗೆ ಬಂದಿದ್ದ ಉತ್ತರ ಅದು.

ಇದಕ್ಕೆ ದಾರಿ ಮೊದಲೇ ಇತ್ತು. 1996ರಲ್ಲಿ ಕಟ್ಟಿದ ಡೈಸಿ ಒಕ್ಕೂಟ ಮಾಡಿಕೊಂಡು ಬಂದ ಕೆಲಸವೇ ಇದು: ಕೇಳುವ ಪುಸ್ತಕದಲ್ಲಿ ಅಧ್ಯಾಯ, ಉಪವಿಭಾಗ, ಪುಟ, ವಾಕ್ಯ ಎಲ್ಲಕ್ಕೂ ಜಾಗ ಇರಬೇಕು, ಬೇಕಾದಲ್ಲಿಗೆ ನೇರ ಹೋಗಲು ಆಗಬೇಕು. ಈಗಿನ ಇಪಬ್ ರೂಪದ ಇ-ಪುಸ್ತಕಗಳಲ್ಲೂ ಅಚ್ಚಿನ ಪುಟಗಳ ಪಟ್ಟಿಯನ್ನು ಸೇರಿಸಬಹುದು. ವರ್ಡ್ ಫೈಲಿನಲ್ಲಿ ಅಚ್ಚಿನ ಪ್ರತಿ ಪುಟ ಶುರುವಾಗುವ ಕಡೆ ಅದರ ಸಂಖ್ಯೆ ಬರೆದು, ಅದು ಪುಟಸಂಖ್ಯೆ ಅಂತ ಗುರುತು ಮಾಡಿ, ಒಕ್ಕೂಟವೇ ಉಚಿತವಾಗಿ ಕೊಡುವ ವರ್ಡ್‌ಟುಇಪಬ್ ಸಲಕರಣೆಯಲ್ಲಿ ಹಾಕಿದರೆ ಮುಗಿಯಿತು. ಆರು ಜನ ಮತ್ತೆ ಕೂತರು. 312 ಕಡೆ ಸಂಖ್ಯೆ ಹಾಕಬೇಕಿತ್ತು. ಪದ ಅರ್ಧಕ್ಕೆ ತುಂಡಾಗಿ ಮುಂದಿನ ಪುಟಕ್ಕೆ ಹೋಗಿದ್ದ ಕಡೆ, ಪದ ಮುಗಿದ ಮೇಲೆ ಹಾಕೋಣ ಅಂತ ತೀರ್ಮಾನ ಮಾಡಿದೆವು. ಎಲ್ಲ ಸೇರಿ ಮೂರು ವಾರ ಹಿಡಿಯಿತು.

ನಡುವೆ ಒಂದು ಸಣ್ಣ ಇಕ್ಕಟ್ಟು. ಬಳಗದ ಇಬ್ಬರು ನಮಗೂ ಆ ಫೈಲ್ ಕೊಡಿ ಅಂದರು, ಫೋನಿನಲ್ಲಿ ಓದಲು ಅನುಕೂಲ ಅಂತ. ಕೊಡಲಿಲ್ಲ. 2013ರ ಮರಾಕೇಶ್ ಒಪ್ಪಂದ ಅಚ್ಚು ಓದಲಾಗದವರಿಗಾಗಿ, ಅವರು ಓದಬಲ್ಲ ರೂಪದ ಪ್ರತಿ ಮಾಡಲು ದಾರಿ ಮಾಡಿಕೊಟ್ಟದ್ದು. ಕಣ್ಣು ಕಾಣುವವರಿಗೆ ಉಚಿತ ಪ್ರತಿ ಹಂಚಲು ಅಲ್ಲ. ಪ್ರಕಾಶಕರು ನಂಬಿ ಕೊಟ್ಟಿದ್ದರು. ಆ ನಂಬಿಕೆ ಮುರಿದರೆ ಮುಂದಿನ ಸಲ ಕೇಳುವ ಇನ್ನೊಬ್ಬ ಓದುಗರಿಗೆ ಬಾಗಿಲು ಮುಚ್ಚುತ್ತದೆ. ಕೇಳಿದವರು ಅರ್ಥಮಾಡಿಕೊಂಡರು.

ಹತ್ತು ಗುರುತು

ಫೈಲ್ ಸಿದ್ಧವಾಯಿತು. ಥೋರಿಯಂ ಅನ್ನುವ ಉಚಿತ ತಂತ್ರಾಂಶದಲ್ಲಿ ತೆರೆದು, ಪುಟಕ್ಕೆ ಹೋಗುವ ಜಾಗದಲ್ಲಿ 84 ಅಂತ ಒತ್ತಿದರೆ ಎನ್‌ವಿಡಿಎ ಅಲ್ಲಿಂದ ಓದುತ್ತಿತ್ತು. ಆದರೆ ಇನ್ನೂ ಒಂದು ತೊಡಕು ಉಳಿದಿತ್ತು, ಅದನ್ನು ಹೇಳಿದ್ದೂ ಆ ಯುವಕನೇ. ಬಳಗದಲ್ಲಿ ಜನ ಮಾತಾಡುತ್ತಿರುತ್ತಾರೆ. ಕಿವಿಯಲ್ಲಿ ಲ್ಯಾಪ್‌ಟಾಪ್ ಓದುತ್ತಿದ್ದರೆ ಜನರ ಮಾತು ತಪ್ಪುತ್ತದೆ. ಜನರ ಮಾತು ಕೇಳಿದರೆ ಓದು ತಪ್ಪುತ್ತದೆ. ಕಣ್ಣಿರುವವರು ಕಿವಿಯಿಂದ ಕೇಳುತ್ತಾ ಕಣ್ಣಿಂದ ಓದಬಲ್ಲರು. ಇಲ್ಲಿ ಎರಡೂ ಕೆಲಸ ಕಿವಿಯೊಂದಕ್ಕೇ. ಕೈಗೆ ಓದು ಬಂದರೆ ಕಿವಿ ಬಿಡುವಾಗುತ್ತದೆ.

ಅಂದರೆ ಬ್ರೈಲ್. ಟೀಚರ್ ಮೊದಲೊಮ್ಮೆ ಬೇಡವೆಂದಿದ್ದರು. ವಯಸ್ಸಾದ ಮೇಲೆ ಬೆರಳ ತುದಿಗೆ ಚುಕ್ಕಿಗಳನ್ನು ಬಿಡಿಸಿ ಗುರುತಿಸುವುದನ್ನು ಕಲಿಸಲು ತಿಂಗಳುಗಟ್ಟಲೆ ಬೇಕು. ಆರು ಚುಕ್ಕಿಗಳಿಂದ 63 ಗುರುತುಗಳು ಹುಟ್ಟುತ್ತವೆ, ಕನ್ನಡದ ಎಲ್ಲ ಅಕ್ಷರ, ಕಾಗುಣಿತ ಕಲಿಯಬೇಕು. ಯುವಕ ಹೇಳಿದ: “ಎಲ್ಲ ಯಾಕೆ ಟೀಚರ್? ನಿಮಗೆ ಬೇಕಾಗಿರೋದು ನಂಬರು ತಾನೇ? ಹತ್ತೇ ಗುರುತು.”

ಬ್ರೈಲ್‌ನಲ್ಲಿ ಅಂಕಿ ಬರೆಯಲು ಮೊದಲು ಒಂದು ಸಂಖ್ಯಾಚಿಹ್ನೆ, ಆಮೇಲೆ ಒಂದರಿಂದ ಸೊನ್ನೆಯವರೆಗೆ ಹತ್ತು ಗುರುತು. ಆ ಹತ್ತೂ ಮೇಲಿನ ನಾಲ್ಕು ಚುಕ್ಕಿಗಳಲ್ಲೇ ಮುಗಿಯುತ್ತವೆ, ಕೆಳಗಿನ ಎರಡು ಬೇಕಿಲ್ಲ. ಬೆರಳಿಗೆ ಸುಲಭ. ಎರಡು ವಾರದಲ್ಲಿ ಟೀಚರ್‌ಗೆ ಬಂತು. ಬರೆಯಲು ಸ್ಲೇಟು ಮತ್ತು ಸ್ಟೈಲಸ್. ಕಾಗದವನ್ನು ಚೌಕಟ್ಟಿನಲ್ಲಿ ಸಿಕ್ಕಿಸಿ ಮೊಳೆಯಂಥ ಕಡ್ಡಿಯಿಂದ ಚುಚ್ಚಬೇಕು. ಉಬ್ಬು ಆ ಕಡೆ ಏಳುವುದರಿಂದ ಬಲದಿಂದ ಎಡಕ್ಕೆ, ತಿರುಗುಮುರುಗಾಗಿ ಬರೆಯಬೇಕು. ಅವರ 84ರಲ್ಲಿ ಮೊದಮೊದಲು 8 ತಿರುಗಿ 0 ಆಗುತ್ತಿತ್ತು ಅಥವಾ 4 ತಿರುಗಿ 6 ಆಗುತ್ತಿತ್ತು. 4 ಮತ್ತು 6 ಒಂದಕ್ಕೊಂದು ಕನ್ನಡಿಯಲ್ಲಿ ಕಂಡ ಹಾಗಿರುತ್ತವೆ. ಕನ್ನಡ ಟೀಚರ್ ಆಗಿ ಮಕ್ಕಳ ತಿರುಗುಮುರುಗು ಅಕ್ಷರಗಳನ್ನು ತಿದ್ದಿದ್ದವರು ಈಗ ತಮ್ಮದನ್ನು ತಾಳ್ಮೆಯಿಂದ ತಿದ್ದಿಕೊಂಡರು.

ಆ ತಿಂಗಳ ಸಭೆಗೆ ನಾನೂ ಹೋಗಿದ್ದೆ. ಟೀಚರ್ ಮಡಿಲಲ್ಲಿ ದಪ್ಪ ಕಾಗದದ ಒಂದು ಚೀಟಿ, ಅದರ ಮೇಲೆ ಏಳು ಪುಟಸಂಖ್ಯೆ. ಲ್ಯಾಪ್‌ಟಾಪ್ ಪಕ್ಕದಲ್ಲಿ ಮುಚ್ಚಿತ್ತು. ಮೊದಲ ಮುಕ್ಕಾಲು ಗಂಟೆ ಬರೀ ಕೇಳಿಸಿಕೊಂಡರು. ಯಾರೋ, ಕಾದಂಬರಿಯ ತಾಯಿ ಮಗನನ್ನು ಕೊನೆಗೂ ಕ್ಷಮಿಸಲೇ ಇಲ್ಲ ಅಂದರು. ಟೀಚರ್ ಬೆರಳು ಚೀಟಿಯ ಮೇಲೆ ಸರಿಯಿತು, ಒಂದು ಕಡೆ ನಿಂತಿತು.

“84ನೇ ಪುಟ, ಎರಡನೇ ಪ್ಯಾರಾ ನೋಡಿ” ಅಂದರು.

ಹತ್ತು ಪುಸ್ತಕಗಳ ಪುಟ ತಿರುಗುವ ಸದ್ದು ಬಂತು. ಟೀಚರ್ ಮುಖ ಆ ಸದ್ದಿನ ಕಡೆ ಇತ್ತು. ಒಬ್ಬರು ಆ ಪ್ಯಾರಾವನ್ನು ಗಟ್ಟಿಯಾಗಿ ಓದಿದರು. ತಾಯಿ ಮಗನ ಹಳೆಯ ಅಂಗಿಯ ಗುಂಡಿ ಹೊಲಿದಿಡುವ ಎರಡು ಸಾಲು ಅಲ್ಲಿತ್ತು, ಮಿಕ್ಕವರಿಗೆ ಅದು ಗಮನಕ್ಕೇ ಬಂದಿರಲಿಲ್ಲ. ಆಮೇಲೆ ಒಂದು ಗಂಟೆ ವಾದ ನಡೆಯಿತು. ಟೀಚರ್ ಅದರಲ್ಲಿ ಸೋತರು ಅಂತಲೇ ಹೇಳಬೇಕು, ಹೆಚ್ಚಿನವರು ಒಪ್ಪಲಿಲ್ಲ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಗಂಡನ ಜೊತೆ ಅದೇ ವಾದ ಮುಂದುವರಿಸಿದರಂತೆ.

ನಾನು ಬದಲಿಸಿಕೊಂಡದ್ದು

ಈಗ ನಾನು ಹೊಸಬರ ಮನೆಗೆ ಹೋದಾಗ ಸಾಧನದ ಚೀಲ ತೆರೆಯುವುದಿಲ್ಲ. ಮೊದಲು ಹೇಗೆ ಓದುತ್ತಿದ್ದಿರಿ ಅಂತ ಕೇಳುತ್ತೇನೆ. ಮಲಗಿಕೊಂಡೋ, ಪೆನ್ಸಿಲ್ ಹಿಡಿದೋ, ಕೊನೆಯ ಪುಟ ಮೊದಲು ನೋಡಿಯೋ, ಒಬ್ಬರೇನೋ, ಯಾರ ಜೊತೆಯೋ. ಬೇಕಾದ ಸಾಧನ ಯಾವುದು ಅಂತ ಬಹುಪಾಲು ಅಲ್ಲೇ ಗೊತ್ತಾಗುತ್ತದೆ. ಕೈಗೆ ಆಗಲೇ ಏನು ಬರುತ್ತದೆ ಅಂತಲೂ ಕೇಳುತ್ತೇನೆ. ಟೈಪಿಂಗ್ ಬರುವವರಿಗೆ ಕೀಬೋರ್ಡು, ಫೋನ್ ಚೆನ್ನಾಗಿ ಬಳಸಿದ್ದವರಿಗೆ ಫೋನು.

ಮೊದಲ ಪಾಠ ಈಗ ನಿಲ್ಲಿಸುವುದು. ಎರಡನೆಯದು ಹಿಂದೆ ಹೋಗುವುದು. ದಿನಕ್ಕೊಂದೇ. ಮತ್ತು ಕಲಿಸುವವರಲ್ಲಿ ಒಬ್ಬರಾದರೂ ಕಣ್ಣು ಕಾಣದೆ ದಿನಾ ಓದುವವರಿರಬೇಕು ಅಂತ ಹಟ ಮಾಡುತ್ತೇನೆ. ದನಿ, ಕಿವಿಯ ಪೈಪೋಟಿ, ಹತ್ತೇ ಗುರುತು, ಈ ಮೂರೂ ನನಗೆ ಹೊಳೆಯುವಂಥವಲ್ಲ. ಎಷ್ಟು ವರ್ಷ ಈ ಕೆಲಸ ಮಾಡಿದರೂ ನಾನು ಕಣ್ಣಿಂದಲೇ ಓದುವವಳು.

ಮನೆಯವರಿಗೆ ಒಂದು ಮಾತು ಹೇಳುತ್ತೇನೆ. ಓದಿ ಹೇಳುವುದನ್ನು ನಿಲ್ಲಿಸಬೇಡಿ, ಆದರೆ ಏನನ್ನಾದರೂ ಬಿಟ್ಟರೆ ಬಿಟ್ಟಿದ್ದೇನೆ ಅಂತ ಹೇಳಿ. ಟೀಚರ್ ಗಂಡ ಈಗಲೂ ಬೆಳಿಗ್ಗೆ ಪೇಪರ್ ಓದುತ್ತಾರೆ, ಇಬ್ಬರಿಗೂ ಅದು ಇಷ್ಟ. ಎಲ್ಲ ಶೀರ್ಷಿಕೆಗಳನ್ನೂ ಮೊದಲು ಓದುತ್ತಾರೆ, ಯಾವುದು ಬೇಕು ಅಂತ ಟೀಚರ್ ಹೇಳುತ್ತಾರೆ.

ಎಲ್ಲವೂ ಸರಿಹೋಗಿಲ್ಲ. ಒಂದು ಪುಸ್ತಕಕ್ಕೆ ಮೂರು ವಾರ ಅಂದರೆ ಪ್ರತಿ ತಿಂಗಳೂ ಅದು ಆಗುವ ಮಾತಲ್ಲ. ಬಳಗ ಈಗ ಪುಸ್ತಕಗಳನ್ನು ನಾಲ್ಕು ತಿಂಗಳು ಮುಂಚೆಯೇ ಆರಿಸುತ್ತದೆ, ಯೂನಿಕೋಡ್ ಇ-ಪುಸ್ತಕ ಇರುವುದಕ್ಕೆ ಆದ್ಯತೆ ಕೊಡುತ್ತದೆ. ಅಂಥ ಎಲ್ಲ ಇ-ಪುಸ್ತಕಗಳಲ್ಲೂ ಅಚ್ಚಿನ ಪುಟಸಂಖ್ಯೆ ಇರುವುದಿಲ್ಲ, ಆಗ ಅಧ್ಯಾಯ ಮತ್ತು ಪ್ಯಾರಾ ಲೆಕ್ಕದಲ್ಲಿ ಮಾತಾಡುತ್ತಾರೆ. ಕವಿತೆ ಇನ್ನೂ ಕಷ್ಟ. ದನಿ ಸಾಲು ಮುರಿಯುವ ಕಡೆ ನಿಲ್ಲುವುದಿಲ್ಲ, ಒಂದೇ ಉಸಿರಿಗೆ ಓದಿಬಿಡುತ್ತದೆ. ಟೀಚರ್ ಒಂದೊಂದು ಸಾಲಿಗೂ ಕೆಳಗಿನ ಬಾಣ ಒತ್ತಿ ಓದುತ್ತಾರೆ.

ಇಷ್ಟರ ನಡುವೆ ಕೆಲಸ ಬದಲಾಗಿದೆ. ಆರು ಜನ ತಿದ್ದಿದ ಫೈಲನ್ನು ಈಗ ಕೊನೆಗೆ ಟೀಚರ್ ಕೇಳಿ ನೋಡುತ್ತಾರೆ. ತಿಳಿದ ಪದವಾದರೆ ಕಣ್ಣು ತಪ್ಪನ್ನು ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತದೆ, ಕಿವಿಗೆ ಅದು ತಟ್ಟನೆ ಚುಚ್ಚುತ್ತದೆ. ಕಳೆದ ತಿಂಗಳು ಬೇರೆ ಕಡೆಯ ಒಬ್ಬ ವಿದ್ಯಾರ್ಥಿಗಾಗಿ ಒಂದು ಪಠ್ಯಪುಸ್ತಕ ಸಿದ್ಧವಾಗುತ್ತಿತ್ತು. ರಾತ್ರಿ ಒಂಬತ್ತಕ್ಕೆ ನನಗೆ ಫೋನ್ ಬಂತು. “61ನೇ ಪುಟ, ಕೆಳಗಿನಿಂದ ಮೂರನೇ ಸಾಲು. ‘ಕಾರ್ಯ’ ಅನ್ನೋದು ‘ಕಾಯರ್’ ಅಂತಿದೆ. ಮೂರು ಜನ ನೋಡಿದೀರಂತೆ, ಯಾರಿಗೂ ಕಾಣಲಿಲ್ವಾ?” ಅಂದರು. ಪುಟ ತೆರೆದು ನೋಡಿದೆ. ಅಲ್ಲೇ ಇತ್ತು.